ನಾಲ್ಕು ಕಂಪ್ಯೂಟರುಗಳಿಗೆ ನಾನು ಹಾಕಿದ ವೇಷ

ಮಾನ್ಯ ತಪಾಸಣಾಧಿಕಾರಿಗಳೇ,

ಕಳೆದ ತಿಂಗಳು ನಮ್ಮ ಶಾಖಾ ಗ್ರಂಥಾಲಯಕ್ಕೆ ಬಂದುಹೋದ ಮೇಲೆ ತಾವು ಕಳಿಸಿದ ವರದಿಯಲ್ಲಿ ಎರಡು ಸುಳ್ಳುಗಳಿವೆ. ಮೊದಲನೆಯದು, ‘ಓದುಗರ ನಾಲ್ಕೂ ಕಂಪ್ಯೂಟರುಗಳು ವಿಂಡೋಸ್‌ನಲ್ಲಿ ಸುಸ್ಥಿತಿಯಲ್ಲಿ ನಡೆಯುತ್ತಿವೆ.’ ಎರಡನೆಯದು, ‘ಈ ಕುರಿತು ಹಿರಿಯ ಓದುಗರೊಬ್ಬರಲ್ಲಿ ತಪ್ಪು ತಿಳಿವಳಿಕೆ ಕಂಡುಬಂದಿದ್ದು, ಗ್ರಂಥಪಾಲಕರು ಸೂಕ್ತ ಮಾಹಿತಿ ನೀಡತಕ್ಕದ್ದು.’ ಸೂಕ್ತ ಮಾಹಿತಿ ನೀಡಬೇಕಾದ ಆ ಗ್ರಂಥಪಾಲಕ ನಾನೇ. ಎರಡೂ ಸುಳ್ಳುಗಳನ್ನು ತಮ್ಮ ಕಿವಿಗೆ ಹಾಕಿದವನೂ ನಾನೇ. ಮೊದಲನೆಯದು ಹಾಗೇ ಇದ್ದರೆ ನನ್ನ ಶಾಖೆಗೆ ಲಾಭ, ಆದರೆ ಎರಡನೆಯದು ಇನ್ನೊಂದು ದಿನವೂ ಉಳಿಯಕೂಡದು.

ವರ್ಷದ ಹಿಂದೆ ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಹೊಸ ವಿಂಡೋಸ್ ಹಾಕಲಾಗದ ಹಳೆಯ ಕಂಪ್ಯೂಟರುಗಳನ್ನು ನಿರುಪಯುಕ್ತ ಎಂದು ಪಟ್ಟಿ ಮಾಡಿ ಗುಜರಿಗೆ ಕಳಿಸಬೇಕು, ಬದಲಿ ಯಂತ್ರಗಳ ಬಗ್ಗೆ ಮುಂದೆ ತಿಳಿಸಲಾಗುವುದು ಎಂದಿತ್ತು. ಈ ‘ಮುಂದೆ’ ಎಷ್ಟು ಮುಂದೆ ಎಂದು ತಮ್ಮನ್ನು ಕೇಳುವ ಧೈರ್ಯ ಯಾರಿಗಿದೆ? ನಮ್ಮ ಓದುವ ಕೋಣೆಯ ಫ್ಯಾನ್ ಆರು ವರ್ಷಗಳಿಂದ ಅದೇ ‘ಮುಂದೆ’ಯಲ್ಲಿ ಸಿಕ್ಕಿಕೊಂಡಿದೆ. ನಮ್ಮ ನಾಲ್ಕೂ ಯಂತ್ರಗಳು ಹಳೆಯವು. ಅವು ಹೋದರೆ ಕೆಲಸದ ಅರ್ಜಿ ತುಂಬುವವರು, ಫಲಿತಾಂಶ ನೋಡುವವರು, ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಎಲ್ಲಿಗೆ ಹೋಗಬೇಕು?

ಹಾಗಾಗಿ ಲಿನಕ್ಸ್ ಪ್ರಯತ್ನಿಸಿದೆ. ಅದೂ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯೇ. ಯಾರು ಬೇಕಾದರೂ ಇಳಿಸಿಕೊಂಡು ಹಾಕಿಕೊಳ್ಳಬಹುದು, ಹಳೆಯ ಯಂತ್ರದ ಮೇಲೂ ಮುನಿಸಿಕೊಳ್ಳದೆ ಓಡುತ್ತದೆ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿದೆ. ಧೈರ್ಯ ಬಂದ ಮೇಲೆ ಒಂದೊಂದಾಗಿ ನಾಲ್ಕಕ್ಕೂ ಹಾಕಿದೆ. ಎಲ್ಲವೂ ಸುಸೂತ್ರವಾಯಿತು ಎಂದರೆ ಅದು ಮೂರನೆಯ ಸುಳ್ಳಾಗುತ್ತದೆ. ಸ್ಕ್ಯಾನರ್ ಇವತ್ತಿಗೂ ಮಾತು ಕೇಳುತ್ತಿಲ್ಲ. ಯಾರೋ ವಿಂಡೋಸಿನಲ್ಲಿ ಮಾಡಿ ತಂದ ಅರ್ಜಿಯ ಚೌಕಗಳು ಇಲ್ಲಿ ತೆರೆದರೆ ಅಡ್ಡಾದಿಡ್ಡಿಯಾಗುತ್ತವೆ. ಪ್ರಿಂಟರ್ ಎರಡು ತಿಂಗಳು ನನಗೆ ಕಣ್ಣೀರು ತರಿಸಿತು.

ಆ ಪ್ರಿಂಟರನ್ನು ಕೊನೆಗೆ ದಾರಿಗೆ ತಂದದ್ದು ನಾನಲ್ಲ, ನರ್ಸಮ್ಮ. ನಿವೃತ್ತ ದಾದಿ, ನಮ್ಮ ಖಾಯಂ ಓದುಗರು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆಂದು ಒಂದು ಪುಸ್ತಕ ಬರೆಯುತ್ತಿದ್ದರು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಹೇಗೆ, ನುಂಗಲಾಗದವರಿಗೆ ನೀರು ಕುಡಿಸುವುದು ಹೇಗೆ, ಇಂಥವು. ಮೊದಲ ದಿನ ಮೌಸ್ ಮುಟ್ಟಲೂ ಹೆದರಿದ್ದರು. ಅವರ ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ, ‘ಈಕೆಗೆ ಇದೆಲ್ಲ ಗೊತ್ತಾಗಲ್ಲ’ ಎಂದು ಎಲ್ಲರೆದುರು ಹೇಳಿ, ಅವರಿಗೆ ಬರಬೇಕಿದ್ದ ಮೇಲ್ವಿಚಾರಕಿ ಹುದ್ದೆಯನ್ನು ಕಿರಿಯರಿಗೆ ಕೊಟ್ಟಿದ್ದರಂತೆ. ಇದನ್ನು ಅವರೇ ನನಗೆ ಹೇಳಿದ್ದರು. ಆಮೇಲೆ ನೋಡಿ, ನೋಟ್‌ಬುಕ್ಕಿನಲ್ಲಿ ಒಂದೊಂದೇ ಹೆಜ್ಜೆ ಬರೆದುಕೊಂಡು ಹೇಗೆ ಕಲಿತರೆಂದರೆ, ಹೊಸಬರು ಬಂದರೆ ನಾನೇ ಅವರತ್ತ ಕೈ ತೋರಿಸುತ್ತಿದ್ದೆ. ‘ಇದರ ಹೆಸರು ಲಿನಕ್ಸ್’ ಎಂದೇ ಅವರ ಪಾಠ ಶುರುವಾಗುತ್ತಿತ್ತು.

ಇಷ್ಟರಲ್ಲಿ ತಮ್ಮ ತಪಾಸಣಾ ನಮೂನೆ ಬಂತು. ಅದರಲ್ಲಿದ್ದ ಪ್ರಶ್ನೆ ಒಂದೇ: ‘ವಿಂಡೋಸ್ ಇದೆಯೇ? ಹೌದು / ಇಲ್ಲ.’ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಕೇಳುವ ಅಂಕಣವೇ ಇಲ್ಲ! ‘ಇಲ್ಲ’ ಎಂದರೆ ಗುಜರಿ, ‘ಹೌದು’ ಎಂದರೆ ಸುಳ್ಳು. ತಮಗೆ ಒಂದು ಫೋನ್ ಮಾಡಿ ವಿಷಯ ಹೇಳಬಹುದಿತ್ತು. ನಾನು ಮಾಡಿದ್ದೇನು ಗೊತ್ತೇ? ‘ಹೌದು’ ಎಂದು ಗುರುತು ಹಾಕಿ ಕಳಿಸಿ, ತಪಾಸಣೆಯ ಹಿಂದಿನ ಸಂಜೆ ಕೂತು ನಾಲ್ಕಕ್ಕೂ ವಿಂಡೋಸಿನ ವೇಷ ಹಾಕಿದೆ. ಪರದೆಗೆ ನೀಲಿ ಚಿತ್ರ, ಮೂಲೆಯ ಗುಂಡಿಗೆ ನಾಲ್ಕು ಚೌಕದ ಗುರುತು, ಕಡತಗಳ ಜಾಗಕ್ಕೆ ‘ಮೈ ಕಂಪ್ಯೂಟರ್’ ಎಂಬ ಹೆಸರು. ಮುಗಿಸಿ ದೂರ ನಿಂತು ನೋಡಿ ನಕ್ಕೆ ಕೂಡ. ಓದುಗರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ, ತಪಾಸಣೆಯವರ ಕಣ್ಣಿಗೆ ಮಣ್ಣೆರಚುತ್ತಿದ್ದೇನೆ ಎಂದು ಒಪ್ಪಿಕೊಳ್ಳಬೇಕಿತ್ತಲ್ಲ.

ತಾವು ಬಂದಿರಿ. ಎರಡನೇ ಯಂತ್ರದ ಮುಂದೆ ಕೂತು ನಾಲ್ಕು ಸಾಲು ಟೈಪ್ ಮಾಡಿ, “ವಿಂಡೋಸ್ ಚೆನ್ನಾಗಿ ಓಡ್ತಾ ಇದೆಯಲ್ರೀ! ನಮ್ಮ ಆಫೀಸಲ್ಲೇ ಇಷ್ಟು ಬೇಗ ತೆರೆಯಲ್ಲ” ಎಂದಿರಿ.

ಪಕ್ಕದ ಯಂತ್ರದಲ್ಲೇ ಪುಸ್ತಕ ಟೈಪ್ ಮಾಡುತ್ತಿದ್ದ ನರ್ಸಮ್ಮ ಕನ್ನಡಕ ಮೇಲೇರಿಸಿ, “ಸಾರ್, ಇದು ವಿಂಡೋಸ್ ಅಲ್ಲ, ಲಿನಕ್ಸು. ಹಳೇ ಕಂಪ್ಯೂಟರು ಹಾಳಾಗಬಾರ್ದು ಅಂತ ನಮ್ಮ ಸಾರೇ ಹಾಕಿದ್ದು” ಎಂದರು. ನನಗೆ ತಮ್ಮಿಂದ ಶಹಬ್ಬಾಸ್ ಕೊಡಿಸಬೇಕೆಂಬ ಆಸೆ ಅವರ ಮುಖದಲ್ಲೇ ಕಾಣುತ್ತಿತ್ತು.

ನಾನು ಹೇಳಿದೆ: “ಅಮ್ಮಾ, ನಿಮಗೆ ಇದೆಲ್ಲ ಗೊತ್ತಾಗಲ್ಲ. ಸುಮ್ನೆ ನಿಮ್ಮ ಕೆಲಸ ನೋಡ್ಕೊಳ್ಳಿ.”

ತಾವು “ವಯಸ್ಸಾದವರು, ಪಾಪ” ಎಂದು ನಕ್ಕಿರಿ. ನಾನೂ ನಕ್ಕೆ. ಓದುವ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು, ಅವರಲ್ಲೂ ಕೆಲವರು ನಕ್ಕರು. ನರ್ಸಮ್ಮ ಒಂದು ಕ್ಷಣ ಪರದೆಯನ್ನು ನೋಡಿದರು. ಬರೆದದ್ದನ್ನು ಉಳಿಸಿ, ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಿ, ಕುರ್ಚಿಯನ್ನು ಒಳಗೆ ತಳ್ಳಿ ಹೊರಟುಹೋದರು. ಅಂದಿನಿಂದ ಬಂದಿಲ್ಲ.

ನಿಯಮದಂತೆ ತಮ್ಮ ವರದಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದೆ. ‘ಹಿರಿಯ ಓದುಗರೊಬ್ಬರು’ ಯಾರೆಂದು ಎಲ್ಲರಿಗೂ ಗೊತ್ತು. ವಾರ ಕಳೆದ ಮೇಲೆ ತಡೆಯಲಾಗದೆ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, “ಯಾಕಮ್ಮಾ ಬರ್ತಾ ಇಲ್ಲ? ಪುಸ್ತಕ ಎಲ್ಲಿಗೆ ಬಂತು?” ಎಂದೆ, ಏನೂ ಆಗದವನಂತೆ.

“ಬಿಟ್ಟುಬಿಟ್ಟೆ ಸಾರ್. ಪರದೇನೂ ಅವತ್ತು ಬೇರೆ ಥರ ಇತ್ತು. ಹೆಸರೇ ತಪ್ಪು ಬರ್ಕೊಂಡಿದ್ದೆ ಅಂದ್ಮೇಲೆ ಇನ್ನೇನೇನು ತಪ್ಪು ಬರೆದಿದ್ದೀನೋ. ರೋಗಿಗಳ ವಿಷಯ ಬೇರೆ. ಓದಿದವರು ಹಾಗೇ ಮಾಡಿಬಿಟ್ರೆ?”

ಮಾನ್ಯರೇ, ಅವರು ನನ್ನನ್ನು ಬೈದಿದ್ದರೆ ಸಹಿಸುತ್ತಿದ್ದೆ. ಅವರು ತಮ್ಮನ್ನು ತಾವೇ ನಂಬುವುದನ್ನು ಬಿಟ್ಟಿದ್ದರು. ಆಗಲಾದರೂ ‘ನಾನು ಸುಳ್ಳು ಹೇಳಿದೆ’ ಎನ್ನಲು ನಾಲಿಗೆ ಹೊರಳಲಿಲ್ಲ. “ಹಾಗೇನಿಲ್ಲ, ಬನ್ನಿ” ಎಂದು ಗೊಣಗಿ ವಾಪಸಾದೆ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ತಟ್ಟೆ ಒರೆಸುತ್ತಿದ್ದವಳು ಅಲ್ಲೇ ಇಟ್ಟು, “ಕಂಪ್ಯೂಟರಿಗೆ ವೇಷ ಹಾಕಿದ್ದು ಹಾಳಾಗ್ಲಿ, ಆಯಮ್ಮನ್ನ ಪೆದ್ದಿ ಮಾಡಿದ್ರಲ್ಲ. ಹತ್ತು ಜನರ ಮುಂದೆ ಅಂದಿದ್ದನ್ನ ಬಾಗಿಲ ಸಂದೀಲಿ ವಾಪಸ್ ತಗೊಳ್ಳೋಕೆ ಹೋಗಿದ್ರಾ? ಅದೂ ಆಗ್ಲಿಲ್ಲ” ಎಂದಳು. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಇವತ್ತು ಬೆಳಿಗ್ಗೆ ನಾಲ್ಕೂ ಯಂತ್ರಗಳ ವೇಷ ಕಳಚಿದ್ದೇನೆ. ತಮ್ಮ ನಮೂನೆಯಲ್ಲಿ ‘ಇಲ್ಲ’ ಎಂದು ಗುರುತು ಹಾಕಿ ಮತ್ತೆ ಕಳಿಸಿದ್ದೇನೆ. ಗುಜರಿಗೆ ಹಾಕುವ ಮೊದಲು ಒಮ್ಮೆ ಬಂದು, ಅವುಗಳ ಮುಂದೆ ಕೂತವರನ್ನು ಮಾತಾಡಿಸಿ ಎಂದಷ್ಟೇ ಕೋರಿಕೆ. ನನ್ನ ಮೇಲೆ ಏನು ಕ್ರಮ ತೆಗೆದುಕೊಂಡರೂ ತಕರಾರಿಲ್ಲ. ಆದರೆ ಆ ಎರಡನೆಯ ಸಾಲಿನ ವಿಷಯದಲ್ಲಿ ಕೋರಿಕೆಯಲ್ಲ, ಒತ್ತಾಯ. ಅದನ್ನು ಹೊಡೆದುಹಾಕಿ, ‘ಹಿರಿಯ ಓದುಗರು ಹೇಳಿದ್ದೇ ಸರಿ, ಗ್ರಂಥಪಾಲಕರು ಹೇಳಿದ್ದು ಸುಳ್ಳು’ ಎಂದು ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕಳಿಸಿ. ಅವರ ತಿಳಿವಳಿಕೆ ತಪ್ಪಾಗಿರಲಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ, ಸುಳ್ಳುಗಾರನ ಮಾತನ್ನು ಅವರು ಇನ್ನು ನಂಬಬೇಕಾಗಿಲ್ಲ. ಅದಕ್ಕೇ ತಮ್ಮ ಮುದ್ರೆ ಬೇಕು.

ಇಂತಿ,
ಎಲ್ಲ ಗೊತ್ತಿದ್ದೂ ತಮ್ಮ ಜೊತೆ ನಕ್ಕ
ಶಾಖಾ ಗ್ರಂಥಪಾಲಕ