ಎಡಗಾಲಿನ ಹಿಮ್ಮಡಿ

ಅಣ್ಣಾ,

ನಿಮ್ಮ ಮಗಳ ಫುಟ್‌ಬಾಲ್ ಬೂಟು ಹೊಲಿದಿಟ್ಟಿದ್ದೇನೆ. ಒಂದು ಕಾಲದಲ್ಲಿ ನಿಮ್ಮದನ್ನು ಹೊಲಿದವನೂ ನಾನೇ ಅಲ್ಲವೇ?

ನೀವು ಬಲಗಡೆಯ ಗೆರೆಗೆ ಅಂಟಿಕೊಂಡೇ ಓಡಿ, ಮೂಲೆಯಿಂದ ಚೆಂಡನ್ನು ಗೋಲಿನ ಮುಂದಕ್ಕೆ ತೇಲಿಬಿಡುತ್ತಿದ್ದಿರಿ. ನಿಮ್ಮ ಬೂಟಿನ ಹೊರ ಅಂಚು ಸವೆಯುತ್ತಿತ್ತು. ಇವಳು ಅದೇ ಗೆರೆಯಿಂದ ಒಳಕ್ಕೆ ನುಗ್ಗಿ ತಾನೇ ಗೋಲು ಹೊಡೆಯುತ್ತಾಳೆ. ಇವಳದು ಒಳ ಅಂಚು ಸವೆದಿದೆ. ಇದೂ ಒಂದು ಆಟವೇ ಎಂದು ನೀವು ಮೂಗು ಮುರಿಯುತ್ತೀರಂತೆ.

ಆದರೆ ಎಡ ಹಿಮ್ಮಡಿ ನೋಡಿ. ನೀವು ಓಡುತ್ತಲೇ ಗಕ್ಕನೆ ನಿಂತು ಎದುರಾಳಿಯನ್ನು ಮುಗ್ಗರಿಸುವಂತೆ ಮಾಡುತ್ತಿದ್ದಿರಲ್ಲ, ಆ ಸವೆತ ಇವಳ ಬೂಟಿನಲ್ಲೂ ಅದೇ ಜಾಗದಲ್ಲಿದೆ!

"ಅಪ್ಪ ಬರಲ್ಲ ಬಿಡಿ ಮಾಮ" ಅಂದಳು. ಭಾನುವಾರ ನಾಲ್ಕಕ್ಕೆ ಫೈನಲ್. ಬೂಟನ್ನು ಮೈದಾನಕ್ಕೆ ನೀವೇ ತರುತ್ತೀರೆಂದು ಹೇಳಿಬಿಟ್ಟಿದ್ದೇನೆ. ಅವಳ ಹತ್ತಿರ ಬೇರೆ ಜೊತೆ ಇಲ್ಲ.

ನಿಮ್ಮಿಬ್ಬರ ಕಾಲನ್ನೂ ಬಲ್ಲ
ಬೂಟು ರಿಪೇರಿಯವನು