ಗಿಟಾರಿನೊಳಗಿದ್ದ ಪಿಕ್

ಸವದತ್ತಿ, ಮಾರ್ಚ್ ೧೯೭೬

ದಿಗಂಬರ,

ಇದನ್ನು ನಿನಗೆ ಕಳಿಸಲು ನನಗೆ ಮುಖವಿಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ಗಿಟಾರಿನ ಹಳೇ ತಂತಿ ಬಿಚ್ಚಿ, ಧೂಳು ಹೋಗಲೆಂದು ಬೋರಲು ಹಿಡಿದು ಅಲುಗಾಡಿಸಿದೆ. ಒಳಗಿನಿಂದ ತಂತಿ ಮೀಟುವ ನನ್ನ ತೆಳ್ಳನೆಯ ಪಿಕ್ ಬಿತ್ತು. ಮೂರು ವರ್ಷದ ಹಿಂದೆ ನೀನು ಕದ್ದೆ ಎಂದು ಎಲ್ಲರೆದುರು ನಾನು ಕೂಗಾಡಿದ್ದು ಇದಕ್ಕೇ. ಸದ್ಯ, ನೀನು ಕದ್ದಿರಲಿಲ್ಲ. ಎದೆ ಹಗುರಾಯಿತು.

"ತೆಳ್ಳಂದು ನನಗ ಬ್ಯಾಡೋ, ನೊಣ ಗುಂಯ್ ಅಂದ್ಹಂಗ ಆಗ್ತದ" ಎಂದು ದಿನವೂ ಅನ್ನುತ್ತಿದ್ದವನು ಅದನ್ನೇಕೆ ಕದ್ದಾನು? ಆಗ ನನಗಿದು ಹೊಳೆಯಲಿಲ್ಲ.

ಹೊಸ ತಂತಿ ಕಟ್ಟಿ, ಅಂದು ನೀನು ಬಿಸಾಕಿ ಹೋದ ನಿನ್ನ ದಪ್ಪ ಪಿಕ್ಕಿನಿಂದ ಬಾರಿಸಿದೆ; ಥೇಟ್ ನಿನ್ನ ನಾದವೇ ಬಂತು. ನನ್ನ ಹೆಂಡತಿ, ನಿನ್ನ ಯಮುನಾ ವೈನಿ, ಅಡುಗೆಮನೆಯಿಂದಲೇ ಕೇಳಿದಳು: "ದಿಗಂಬರ ಅವರು ಬಂದಾರೇನ್ರಿ? ಚಹಾ ಇಡ್ಲೇನು?"

"ಎರಡು ಕಪ್ ಇಡು" ಎಂದೆ.

ನೀಲಕಂಠ