ಗೋಣಿ ಹೊದಿಸಿದ ಮಿಷನ್

ಐಮಂಗಲ, ೨೩೧೪ನೇ ಇಸವಿ, ಫೆಬ್ರವರಿ ಮೂವತ್ತು

ಹಳೆಯ ಕಾಲದ ದಾರಿಹೋಕರೇ,

ತಾರೀಖು ನೋಡಿ ತಪ್ಪು ತಿಳಿಯಬೇಡಿ. ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ಹೊಸತೆನಿಸಬಹುದು, ಮನ್ನಿಸಿ. ಇಂಥ ಕಾಗದವನ್ನು ಮುಂದೆ ಹುಟ್ಟುವವರಿಗೆ ಬರೆದಿಡುವುದು ಇಲ್ಲಿಯ ವಾಡಿಕೆ. ಅವರಿಗೆ ಬರೆಯುವ ಮುಖವಿಲ್ಲದೆ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಹೆದ್ದಾರಿ ಈಗಲೂ ಇದೆ. ಅದರ ಮೇಲೆ ತಾನೋಟಗಳು ಓಡುತ್ತವೆ. ಚಾಲಕನಿಲ್ಲದೆ, ಹೇಳಿದ ಊರಿಗೆ ತಾನೇ ಹೋಗುವ ಬಂಡಿಯನ್ನು ನಾವು ಹಾಗೆನ್ನುತ್ತೇವೆ. ನಿಮ್ಮ ಕಾಲದ ಟೋಲ್ ಗೇಟು ಇದ್ದ ಜಾಗದಲ್ಲಿ ರಸ್ತೆ ಉಬ್ಬಿದೆ. ಅಲ್ಲಿ ಕುಲುಕಿದಾಗ ಮೇಲೆ ಹೇರಿದ್ದು ಬೀಳುತ್ತದೆ: ಬಕೆಟ್ಟು, ಹಗ್ಗ, ಏಣಿ, ಒಮ್ಮೆ ಒಂದು ಹತ್ತಿ ಹಾಸಿಗೆ. ತಾನೋಟ ನಿಲ್ಲುವುದಿಲ್ಲ. ಹೀಗೆ ಸಿಕ್ಕಿದ್ದನ್ನು ರಸ್ತೆ ಬದಿಯ ಕಾಯುಗಲ್ಲಿನ ಮೇಲೆ ಒಂಬತ್ತು ದಿನ ಇಡಬೇಕು. ಕಳೆದುಕೊಂಡವರು ಬಂದರೆ ಒಯ್ಯುತ್ತಾರೆ. ಬಾರದಿದ್ದರೆ ಅದು ಸಿಕ್ಕವರದು. ಮೇಲೆ ಏನಾದರೂ ಹೊದಿಸಿದ್ದರೆ, ವಾರಸುದಾರರು ಆಗಲೇ ಗುರುತಿಸಿ ಹೋಗಿದ್ದಾರೆ ಎಂದರ್ಥ. ಅದನ್ನು ಬೇರೆಯವರು ಎತ್ತಿ ನೋಡುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ನನಗೆ ಕೈಯಿಂದ ತಿರುಗಿಸುವ ಹೊಲಿಗೆ ಮಿಷನ್ ಸಿಕ್ಕಿತು. ಕಲ್ಲಿನ ಮೇಲಿಟ್ಟೆ. ಆರನೆಯ ದಿನ ಮೋಡ ಕಂಡಿತು. ತುಕ್ಕು ಹಿಡಿದೀತೆಂದು ಗೋಣಿ ಹೊದಿಸಿದೆ. ತುಕ್ಕಿನ ಮಾತು ನಿಜವೇ. ಮಳೆ ಬರಲಿಲ್ಲ, ಗೋಣಿ ತೆಗೆಯಲಿಲ್ಲ ಎನ್ನುವುದೂ ನಿಜ.

ಎಂಟನೆಯ ದಿನ ಒಬ್ಬಾಕೆ ನಡೆದು ಬಂದಳು. ತಿಪ್ಪಕ್ಕ ಎಂದು ಹೆಸರು ಹೇಳಿದಳು. ಆಗಲೇ ಮೂರು ಊರಿನ ಕಾಯುಗಲ್ಲು ನೋಡಿಕೊಂಡು ಬಂದಿದ್ದಳು.

"ಅಣ್ಣಾ, ಹೊಲಿಗೆ ಮಿಷನ್ ಏನಾದ್ರೂ ಕಂಡ್ರಾ? ಅದಕ್ಕೂ ನನ್ ಗಂಡನ ಬುದ್ಧಿ ಬಂದೈತೆ, ಹೇಳ್ದೆ ಕೇಳ್ದೆ ಇಳ್ಕೊಂಡೈತೆ. ಗಂಡ ಇಲ್ದಿದ್ರೂ ನಡೀತದೆ, ಅದಿಲ್ದಿದ್ರೆ ನಾನ್ ಉಣ್ಣೋದು ಹೆಂಗೆ?"

ನಾನು ನಕ್ಕೆ. "ಕಲ್ಲಿನ ಮೇಲೆ ನೋಡವ್ವಾ" ಎಂದೆ.

ಆಕೆ ನೋಡಿದಳು. "ಮುಚ್ಚೈತಲ್ಲಣ್ಣ. ಯಾರೋ ಪುಣ್ಯವಂತ್ರದು ಸಿಕ್ಕೈತೆ ಬಿಡು" ಎಂದಳು. ಗೋಣಿ ಗಾಳಿಗೆ ಹಾರದಂತೆ ಅದರ ತುದಿಗೆ ಒಂದು ಕಲ್ಲು ಹೇರಿ, ಮುಂದಿನ ಊರಿನ ಕಡೆ ನಡೆದಳು.

ನಾನು ಒಂದೂ ಸುಳ್ಳು ಹೇಳಲಿಲ್ಲ. ಹನ್ನೊಂದು ವರ್ಷ ನನಗೆ ನಾನೇ ಇದನ್ನು ಹೇಳಿಕೊಂಡಿದ್ದೇನೆ. ನನ್ನ ಮಗಳ ಲಂಗಗಳನ್ನೆಲ್ಲ ಆ ಮಿಷನ್ನಿನಲ್ಲೇ ಹೊಲಿದೆವು. ಸೂಜಿಯಲ್ಲಿ ತಿಪ್ಪಕ್ಕ ಬಿಟ್ಟಿದ್ದ ಗೇಣುದ್ದದ ಹಸಿರು ದಾರವನ್ನು ಮಾತ್ರ ಎಸೆಯಲಾಗಲಿಲ್ಲ, ಡಬ್ಬಿಯಲ್ಲಿಟ್ಟಿದ್ದೆ.

ನಿಮ್ಮ ಕಾಲದಲ್ಲಿ ಬಂಡಿಯೊಳಗೆ ಮನುಷ್ಯನಿರುತ್ತಿದ್ದನಂತೆ. ಏನಾದರೂ ಉರುಳಿದಾಗ ಹಿಂದಿನವರು "ಬಿತ್ತು, ಬಿತ್ತು" ಎಂದು ಕೂಗಿದರೆ ನಿಲ್ಲಿಸುತ್ತಿದ್ದನಂತೆ. ಹಾಗಿದ್ದರೆ ಕೂಗಿಬಿಡಿ, ಇದೊಂದೇ ನನ್ನ ಕೋರಿಕೆ. ಕೈಯಿಂದ ಮುಟ್ಟುವ ಮೊದಲೇ ಕೂಗಿಬಿಡಿ. ಮುಟ್ಟಿದ ಮೇಲೆ ದನಿ ಏಳುವುದಿಲ್ಲ.

ಇವತ್ತು ಮಿಷನ್ನನ್ನು ಮತ್ತೆ ಕಲ್ಲಿನ ಮೇಲೆ ತಂದಿಟ್ಟು, ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹಸಿರು ದಾರವನ್ನು ಸೂಜಿಗೆ ಪೋಣಿಸಿದ್ದೇನೆ. ಮೋಡ ಕವಿಯುತ್ತಿದೆ. ಗೋಣಿ ತಂದಿಲ್ಲ.

ಮಾರಪ್ಪ